ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆಯಲ್ಲಿ ಏನನ್ನು ಗಮನಿಸಬೇಕು?

ಪ್ರಶ್ನೆ (ಜಯನಗರದಿಂದ)

ನನ್ನ ತಂದೆಯವರು ಮೈಸೂರು ಯುದ್ಧಗಳ ಇತಿಹಾಸವನ್ನು ಬಹಳ ಆಸ್ಥೆಯಿಂದ ಓದುವವರು. ಶ್ರೀರಂಗಪಟ್ಟಣ, ಚಿತ್ರದುರ್ಗಗಳನ್ನು ಅವರೊಡನೆ ಸುತ್ತಿದ್ದೇನಾದರೂ, ಬಂದರಿನ ಕಾವಲಿಗೆಂದೇ ಕಡಲಿಗೆ ಚಾಚಿದ ನೆಲದ ತುದಿಯಲ್ಲಿ ಕಟ್ಟಿದ ಕೋಟೆಯನ್ನು ನಾವಿಬ್ಬರೂ ಈವರೆಗೆ ನೋಡಿಲ್ಲ. ಡಿಸೆಂಬರಿನಲ್ಲಿ ಕಣ್ಣೂರಿಗೆ ಹೋಗಿಬರುವ ಯೋಚನೆಯಿದೆ. ಅಲ್ಲಿ ಮುಖ್ಯವಾಗಿ ಯಾವುದನ್ನು ನೋಡಬೇಕು, ನಮ್ಮ ಸೀಮೆಯ ಚರಿತ್ರೆಗೂ ಆ ಕೋಟೆಗೂ ಇರುವ ಸಂಬಂಧವೇನು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ತಂದೆಯವರಿಗೆ ಮಂಡಿನೋವಿರುವುದರಿಂದ ಹೆಚ್ಚು ಹತ್ತಿಳಿಯಲಾಗದು.

ಉತ್ತರ (ಮಲ್ಲೇಶ್ವರದಿಂದ)

ಖಂಡಿತ ಹೋಗಿಬನ್ನಿ. ಎಲ್ಲರಂತೆ ನೇರವಾಗಿ ಕಡಲ ಕಡೆಗೆ ನಡೆಯದೆ, ಮೊದಲು ನೆಲದ ಕಡೆಯ ಕಂದಕದ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಕೋಟೆ ತ್ರಿಕೋನಾಕಾರದಲ್ಲಿದೆ, ಉಳಿದ ಕಡೆಗಳಲ್ಲಿ ಕಡಲೇ ಕಾವಲಿರುವುದರಿಂದ ಕಟ್ಟಿದವರು ತಮ್ಮ ಶ್ರಮವನ್ನು ಈ ಪಕ್ಕಕ್ಕೆ ಹೆಚ್ಚು ಸುರಿದಿದ್ದಾರೆ ಎಂಬುದು ಅಲ್ಲಿ ತಾನಾಗಿ ಮನದಟ್ಟಾಗುತ್ತದೆ. ಚಿತ್ರದುರ್ಗದ ಬಂಡೆಗಲ್ಲಿಗೆ ಒಗ್ಗಿದ ಕಣ್ಣಿಗೆ ಗೋಡೆಯೂ ಹೊಸದಾಗಿ ಕಾಣುತ್ತದೆ. ನಮ್ಮ ಕರಾವಳಿಯವರು ಮುರಕಲ್ಲು ಎನ್ನುವ, ಮೈತುಂಬ ಸಣ್ಣ ತೂತುಗಳಿರುವ ಕೆಂಪು ಕಲ್ಲು ಅದು. ಮಳೆ ನೀರು ಇಳಿದ ಕಡೆಯೆಲ್ಲ ಕಪ್ಪಗಾಗಿರುತ್ತದೆ.

1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಇದನ್ನು ಕಟ್ಟಿಸಿದನೆಂಬುದು ನಿಜವಾದರೂ, 1663ರಲ್ಲಿ ಡಚ್ಚರು ವಶಪಡಿಸಿಕೊಂಡ ಮೇಲೆ ಅದರ ರೂಪವೇ ಬದಲಾಯಿತು. ಇಂದು ಎದ್ದು ಕಾಣುವ ಬುರುಜುಗಳು ಡಚ್ಚರವು. ಆದ್ದರಿಂದ ಇದನ್ನು ಪೋರ್ಚುಗೀಸ್ ಕೋಟೆಯೆಂದಷ್ಟೇ ಹೇಳಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ (ಬಸವನಗುಡಿಯಿಂದ)

1507ರ ಮುತ್ತಿಗೆಯನ್ನು ಓದಿಕೊಂಡು ಹೋದರೆ ಆ ಜಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಪೋರ್ಚುಗೀಸರು ಸ್ಥಳೀಯ ಹಡಗೊಂದನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದು ಕಡಲಿಗೆಸೆದಿದ್ದರು. ಹೆಣಗಳು ದಡಕ್ಕೆ ಬಂದಾಗ ಊರು ರೊಚ್ಚಿಗೆದ್ದಿತು. ಕಣ್ಣೂರು ಸೀಮೆಯನ್ನಾಳುತ್ತಿದ್ದ ಕೋಲತ್ತಿರಿ ಅರಸನ ಸೇನೆ ಕಲ್ಲಿಕೋಟೆಯ ಅರಸ ಸಾಮೂದಿರಿಯ ನೆರವಿನೊಡನೆ ನಾಲ್ಕು ತಿಂಗಳ ಕಾಲ ಕೋಟೆಯನ್ನು ಸುತ್ತುವರಿಯಿತು. ಕುಡಿಯುವ ನೀರಿನ ಬಾವಿ ಗೋಡೆಯಿಂದ ಹೊರಗಿದ್ದುದರಿಂದ ಒಳಗಿದ್ದವರು ಪ್ರತಿ ಕೊಡಕ್ಕೂ ಕಾದಾಡಬೇಕಾಗಿ ಬಂದು, ಕೊನೆಗೆ ನೆಲದಡಿಯಿಂದ ಬಾವಿಗೆ ಸುರಂಗ ಕೊರೆದರು. ಆಗಸ್ಟ್ ಕೊನೆಯಲ್ಲಿ ಪೋರ್ಚುಗೀಸ್ ನೌಕಾಪತಿ ತ್ರಿಸ್ತಾವೊ ದ ಕುನ್ಹನ ಹಡಗುಗಳು ಬಂದ ಮೇಲೆಯೇ ಮುತ್ತಿಗೆ ಮುಗಿದದ್ದು. ಮೂರು ಕಡೆ ನೀರಿದ್ದೂ ಒಳಗೆ ಬಾಯಾರಿಕೆಯಿತ್ತೆಂಬುದನ್ನು ತಮ್ಮ ತಂದೆಯವರು ಖಂಡಿತ ಮೆಚ್ಚಿ ಕೇಳುತ್ತಾರೆ.

ಉತ್ತರ (ವಿಜಯನಗರದಿಂದ)

ಮೈಸೂರಿನ ನಂಟು ಆಳವಾದದ್ದು. ಡಚ್ಚರು 1772ರಲ್ಲಿ ಕೋಟೆಯನ್ನು ಹೈದರಾಲಿಯ ಮಿತ್ರನಾಗಿದ್ದ ಕಣ್ಣೂರಿನ ಅರಕ್ಕಲ್ ಮುಸ್ಲಿಂ ಅರಸುಮನೆತನದ ಆಲಿರಾಜನಿಗೆ ಮಾರಿದರು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಡಿಸೆಂಬರಿನಲ್ಲಿ, ಬ್ರಿಟಿಷ್ ಜನರಲ್ ಅಬರ್‌ಕ್ರಾಂಬಿ ಮುಂಬಯಿ ಸೇನೆಯೊಡನೆ ಕಣ್ಣೂರನ್ನು ಹಿಡಿದನು; ಮರುವರ್ಷ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ನಮ್ಮ ಬೆಂಗಳೂರು ಕೋಟೆಯನ್ನು ಹಿಡಿದನು. ಅಬರ್‌ಕ್ರಾಂಬಿಯ ಸೇನೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಸಹಾಯದಿಂದ ಅಲ್ಲಿನ ಘಟ್ಟ ಹತ್ತಿ, 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು. ಮಲಬಾರಿನ ಬಂದರುಗಳು ಕೈತಪ್ಪಿದ್ದು ಟಿಪ್ಪುವಿಗೆ ಎಷ್ಟು ದೊಡ್ಡ ಪೆಟ್ಟೆಂಬುದು ಅಲ್ಲಿ ನಿಂತಾಗಲೇ ತಿಳಿಯುವುದು.

ಯಶವಂತಪುರದಿಂದ ರಾತ್ರಿ ರೈಲಿದೆ. ಮಂಡಿನೋವಿನವರಿಗೆ ಅದೇ ಸುಖಕರ. ಆದರೆ ಸಾಧ್ಯವಾದರೆ ಬರುವಾಗಲಾದರೂ ಮಾಕುಟ್ಟ, ವಿರಾಜಪೇಟೆಗಳ ಮೂಲಕ ಕಾರಿನಲ್ಲಿ ಬನ್ನಿ, ಆ ಸೇನೆ ಹತ್ತಿದ ಘಟ್ಟವೂ ಕಣ್ಣಿಗೆ ಬೀಳುತ್ತದೆ. ಕಣ್ಣೂರು ನಿಲ್ದಾಣದಿಂದ ಕೋಟೆ ಸುಮಾರು 3 ಕಿ.ಮೀ., ಆಟೊ ಸಿಗುತ್ತದೆ. ತಂದೆಯವರು ಬುರುಜು ಹತ್ತದಿದ್ದರೂ ಚಿಂತೆಯಿಲ್ಲ. ಕಂದಕವನ್ನೂ ಒಳಗಿನ ಅಂಗಳವನ್ನೂ ನೋಡಿ, ಆಮೇಲೆ ಪಕ್ಕದ ಮಾಪ್ಪಿಳ ಕೊಲ್ಲಿಯ ಮೀನುಗಾರಿಕೆ ಬಂದರಿನಿಂದ ಕೋಟೆಯತ್ತ ತಿರುಗಿ ನೋಡಲಿ.