ಜರ್ಮನಿ: ಹಬ್ಬ, ರಜೆ, ಸುತ್ತಾಟ – ಗೈಡ್ ಮೇಡಂ ಅವರನ್ನು ಕೇಳಿ

ಬಸವನಗುಡಿ ಅಂಕಲ್: ನಮಸ್ಕಾರ ಮೇಡಂ. ಮ್ಯೂನಿಕ್‌ನಲ್ಲಿ ಭಾನುವಾರ ಅಂಗಡಿ ತೆಗೆದಿರುತ್ತಾ?

ಗೈಡ್: ನಮಸ್ಕಾರ ಸರ್. ಇರಲ್ಲ. ದಿನಸಿ, ಬಟ್ಟೆ ಎಲ್ಲ ಬಂದ್. ದೊಡ್ಡ ರೈಲ್ವೆ ಸ್ಟೇಷನ್, ಏರ್‌ಪೋರ್ಟ್ ಒಳಗಿನ ಅಂಗಡಿಗಳು, ಪೆಟ್ರೋಲ್ ಬಂಕ್‌ನವು ಸಿಗುತ್ತವೆ. ಊಟದ ಹೋಟೆಲುಗಳಿಗೆ ತೊಂದರೆಯಿಲ್ಲ. ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ.

ತುಮಕೂರು ತರಲೆ: ಒಟ್ಟು ಎಷ್ಟು ಸರ್ಕಾರಿ ರಜೆ?

ಗೈಡ್: ಇಡೀ ದೇಶಕ್ಕೆ 9. ಮಿಕ್ಕಿದ್ದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಬರ್ಲಿನ್‌ಗೆ ಮಾರ್ಚ್ 8 ರಜೆ, 2019ರಿಂದ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಕ್ಯಾಥೊಲಿಕರು ಹೆಚ್ಚಿರುವ ಊರುಗಳಲ್ಲಿ 13. ಆಗ್ಸ್‌ಬರ್ಗ್ ನಗರಕ್ಕೆ ಮಾತ್ರ ಆಗಸ್ಟ್ 8 ಸೇರಿ 14. ಹೋಗುವ ರಾಜ್ಯದ ಪಟ್ಟಿ ನೋಡಿ ಟಿಕೆಟ್ ಮಾಡಿ.

ಶಿರಸಿ ಪಯಣಿಗ: ಮೇಡಂ, ಅಪ್ಪ ಅಮ್ಮನ ಜೊತೆ 2026ರ ಡಿಸೆಂಬರ್ 24ಕ್ಕೆ ಮಧ್ಯಾಹ್ನ 1 ಗಂಟೆಗೆ ಮ್ಯೂನಿಕ್‌ನಲ್ಲಿ ಇಳೀತೀವಿ. ಅಲ್ಲಿಂದ ರೈಲಲ್ಲಿ ಫ್ಯೂಸೆನ್. ಸಣ್ಣ ಅಪಾರ್ಟ್‌ಮೆಂಟ್ ಬುಕ್ ಆಗಿದೆ, ಅಡುಗೆ ನಾವೇ ಮಾಡ್ಕೊತೀವಿ. 25ಕ್ಕೆ ನೊಯ್‌ಶ್ವಾನ್‌ಸ್ಟೈನ್ ಕೋಟೆ. ಅಪ್ಪನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಪ್ಲಾನ್ ಸರಿಯಿದೆಯಾ?

ಗೈಡ್: ಇಲ್ಲ. ಕ್ಯಾಲೆಂಡರ್ ನೋಡಿ. 24 ಗುರುವಾರ. ಅದು ಸರ್ಕಾರಿ ರಜೆಯಲ್ಲ, ಆದರೆ ಬವೇರಿಯಾದಲ್ಲಿ ಮಧ್ಯಾಹ್ನ 2ಕ್ಕೆ ಅಂಗಡಿಗಳ ಬಾಗಿಲು ಬೀಳುತ್ತೆ. 25, 26 ಕ್ರಿಸ್‌ಮಸ್ ರಜೆ, 27 ಭಾನುವಾರ. ಅಂದರೆ ಮತ್ತೆ ದಿನಸಿ ಸಿಗೋದು 28ರ ಸೋಮವಾರ. ಇಮಿಗ್ರೇಷನ್, ಲಗೇಜು ಮುಗಿಸಿ, ಮ್ಯೂನಿಕ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಸುಮಾರು ಎರಡು ಗಂಟೆಯ ರೈಲು ಹಿಡಿದರೆ ನೀವು ಫ್ಯೂಸೆನ್ ತಲುಪುವಾಗ ಕತ್ತಲೆ. ಆ ಸಂಜೆ ಇಲ್ಲಿಯವರು ಮನೆಯೊಳಗೆ ಮರದ ಸುತ್ತ ಕೂತು ಉಡುಗೊರೆ ಬಿಚ್ಚುತ್ತಿರುತ್ತಾರೆ. ಬಹಳಷ್ಟು ರೆಸ್ಟೋರೆಂಟ್‌ಗಳೂ ಮುಚ್ಚಿರುತ್ತವೆ. ಡಯಾಬಿಟಿಸ್ ಇರುವ ಹಿರಿಯರನ್ನು ಖಾಲಿ ಅಡುಗೆಮನೆಗೆ ಕರೆದುಕೊಂಡು ಹೋಗ್ತೀರಾ?

ಸಾಧ್ಯವಾದರೆ 22ಕ್ಕೇ ಬನ್ನಿ. ಆಗದಿದ್ದರೆ ಏರ್‌ಪೋರ್ಟ್ ಸೂಪರ್‌ಮಾರ್ಕೆಟ್‌ನಲ್ಲೇ ಅಕ್ಕಿ, ಹಾಲು, ಮೊಸರು, ಬ್ರೆಡ್ಡು, ತರಕಾರಿ ನಾಲ್ಕು ದಿನಕ್ಕಾಗುವಷ್ಟು ಹೊತ್ತುಕೊಂಡೇ ರೈಲು ಹತ್ತಿ. ಮನೆ ಓನರ್‌ಗೆ ಇವತ್ತೇ ಬರೆದು ಕೇಳಿ: ಆ ಸಂಜೆ ಕೀ ಯಾರು ಕೊಡ್ತಾರೆ? ಕೋಟೆ 24, 25ಕ್ಕೆ ಮುಚ್ಚಿರುತ್ತೆ. 26ಕ್ಕೆ ಆನ್‌ಲೈನ್ ಟಿಕೆಟ್ ಹಿಡಿಯಿರಿ.

ಇನ್ಸುಲಿನ್ ಕೈಚೀಲದಲ್ಲಿ ಇರಲಿ. ಕೆಳಗೆ ಲಗೇಜಿನಲ್ಲಿ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಬೇಕಾದ್ದಕ್ಕಿಂತ ಹೆಚ್ಚೇ ತನ್ನಿ, ಔಷಧದ ಜೆನೆರಿಕ್ ಹೆಸರು ಬರೆದ ಡಾಕ್ಟರ್ ಪತ್ರ ಇಟ್ಟುಕೊಳ್ಳಿ. ನಮ್ಮೂರ ಚೀಟಿ ತೋರಿಸಿದರೆ ಇಲ್ಲಿ ಔಷಧ ಕೊಡ್ತಾರೆ ಅಂತ ನಂಬಬೇಡಿ. ರಜೆ ದಿನ ಒಂದೊಂದು ಔಷಧಿ ಅಂಗಡಿಗೆ ಸರದಿ ಇರುತ್ತೆ, ಯಾವುದಕ್ಕೆ ಅಂತ ಮುಚ್ಚಿದ ಅಂಗಡಿಗಳ ಬಾಗಿಲಲ್ಲೇ ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಹೋಗಿ ಬೆಲ್ ಒತ್ತಿದರೆ ಬಾಗಿಲಲ್ಲಿರೋ ಸಣ್ಣ ಕಿಂಡಿಯಿಂದ ಕೊಡ್ತಾರೆ. ಕ್ಲಿನಿಕ್ ಇಲ್ಲದ ಹೊತ್ತಲ್ಲಿ ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯ ಅನ್ನಿಸಿದರೆ 112.

ಕುಂದಾಪುರ ಕಡ್ಲೆ: ಡ್ರೋನ್ ತರಬಹುದಾ ಮೇಡಂ?

ಬಸವನಗುಡಿ ಅಂಕಲ್: ಬಂದದ್ದನ್ನು ಹಾಗೇ ಹಾಕ್ತಿದೀನಿ. "ಜರ್ಮನಿಯಲ್ಲಿ ಹಬ್ಬದ ದಿನ ರೈಲು, ಬಸ್ಸು ಉಚಿತ, ಚೆಕಿಂಗ್ ಇಲ್ಲ. ಶುಗರ್ ಇರುವವರು ಪ್ರವಾಸದಲ್ಲಿ ಮೆಂತ್ಯದ ನೀರು ಕುಡಿದರೆ ಇನ್ಸುಲಿನ್ ಬೇಡ. ಎಲ್ಲರಿಗೂ ಕಳಿಸಿ."

ಗೈಡ್: ಎರಡೂ ಸುಳ್ಳು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಹಬ್ಬವಾದರೂ ಅಷ್ಟೇ. ಮಾಮೂಲಿ ಬಟ್ಟೆಯಲ್ಲೇ ಬಂದು ಚೆಕ್ ಮಾಡ್ತಾರೆ. ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಶಿರಸಿಯವರೇ, ಇದನ್ನ ನಿಮ್ಮ ಅಪ್ಪನಿಗೆ ತೋರಿಸಲೇಬೇಡಿ. ಅಂಕಲ್, ಡಿಲೀಟ್ ಮಾಡಿ.

ಬಸವನಗುಡಿ ಅಂಕಲ್: ನಾನು ಬರೆದಿದ್ದಲ್ಲಮ್ಮ, ಫಾರ್ವರ್ಡ್ ಅಷ್ಟೇ.

ಗೈಡ್: ಅದಕ್ಕೇ ಹೇಳಿದ್ದು.

ಧಾರವಾಡ ಫೇಡಾ: ಮೇಡಂ, ನವೆಂಬರ್ 1ಕ್ಕ ರಾಜ್ಯೋತ್ಸವ. ಈ ಸಲ ಭಾನುವಾರನ ಬಂದದ. ಮ್ಯೂನಿಕ್‌ನ್ಯಾಗ ಹಾಲ್ ತಗೊಂಡು ಡಿಜೆ ಇಡಬೇಕಂತ ಮಾಡೀವಿ. ನಡೀತದಲ್ರೀ?

ಗೈಡ್: ಡಿಜೆ ಬೇಡ. ಅವತ್ತು ಇಲ್ಲಿ ಸಕಲ ಸಂತರ ಹಬ್ಬ. ಜನ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿ ಮೇಲೆ ಹೂವಿಟ್ಟು ದೀಪ ಹಚ್ಚುತ್ತಾರೆ. ಬವೇರಿಯಾದ ಕಾನೂನಿನಲ್ಲಿ ಅದು ಮೌನದ ದಿನ, ನಸುಕಿನ 2ರಿಂದ ಸಾರ್ವಜನಿಕ ಕುಣಿತಕ್ಕೆ ತಡೆ. ಶನಿವಾರ ಸಂಜೆ ಇಟ್ಟುಕೊಳ್ಳಿ.

ಧಾರವಾಡ ಫೇಡಾ: ನಮ್ಮ ನಾಡಹಬ್ಬಕ್ಕ ಇವರ ಅಪ್ಪಣೆ ಏನ್ರೀ? ಹಿಂದ ಒಮ್ಮೆ ಮಾಡೀವಿ, ಯಾರೂ ಕೇಳಲಿಲ್ಲ.

ತುಮಕೂರು ತರಲೆ: ಬರ್ಲಿನ್‌ಗೆ ಬನ್ನಿ ಗುರು, ಇಲ್ಲಿ ಅವತ್ತು ರಜೆಯೇ ಇಲ್ಲ.

ಕುಂದಾಪುರ ಕಡ್ಲೆ: ಮಹಾಲಯ ಅಮಾವಾಸ್ಯೆ ದಿನ ನಿಮ್ಮ ಮನೆ ಪಕ್ಕ ಯಾರಾದರೂ ಡಿಜೆ ಹಾಕಿದರೆ ಸುಮ್ನಿರ್ತೀರಾ ಮಾರಾಯ್ರೆ?

ಧಾರವಾಡ ಫೇಡಾ: ನಿನ್ನ ಕೇಳಿದವರ್ಯಾರೋ? ಡ್ರೋನ್ ಹಾರಿಸ್ಕೊಂಡಿರು.

ಕುಂದಾಪುರ ಕಡ್ಲೆ: ಡ್ರೋನ್‌ಗೆ ಉತ್ತರವೇ ಬರಲಿಲ್ಲ.

ತುಮಕೂರು ತರಲೆ: ಊರಿಂದ ತುಪ್ಪ ತರಿಸಬಹುದಾ?

ಗೈಡ್: ಇಲ್ಲ. ಹಾಲಿನ ಪದಾರ್ಥ, ಮಾಂಸ ಎರಡೂ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ತರುವ ಹಾಗಿಲ್ಲ.

ಧಾರವಾಡ ಫೇಡಾ: ಫೇಡಾನೂ?

ಗೈಡ್: ಫೇಡಾನೂ.

ತುಮಕೂರು ತರಲೆ: ನಮ್ಮತ್ತೆ ಪ್ರತಿ ವರ್ಷ ತರ್ತಾರೆ!

ಗೈಡ್: ಹಾಗಾದರೆ ಅತ್ತೆಯನ್ನೇ ಕೇಳಿ.

ಹೊಸ ಸದಸ್ಯೆ: ಹಾಯ್ ಮೇಡಂ, ಸಂಡೇ ಅಂಗಡಿ ಓಪನ್ ಇರುತ್ತಾ? ಡಿಸೆಂಬರ್ 27ಕ್ಕೆ ಮ್ಯೂನಿಕ್ ಕ್ರಿಸ್‌ಮಸ್ ಮಾರ್ಕೆಟ್ ನೋಡ್ಬೇಕು. ಸಿಮ್ ಯಾವುದು ಒಳ್ಳೇದು?

ಗೈಡ್: ಇಲ್ಲ. ಮೇಲೆ ಓದಿ. ಮ್ಯೂನಿಕ್‌ನ ಮರಿಯೆನ್‌ಪ್ಲಾಟ್ಸ್ ಚೌಕದ ಕ್ರಿಸ್‌ಮಸ್ ಮಾರ್ಕೆಟ್ 24ಕ್ಕೇ ಮುಗಿಯುತ್ತೆ.

ಶಿರಸಿಯವರೇ, ಓನರ್ ಏನಂದ್ರು?

ಶಿರಸಿ ಪಯಣಿಗ: ಕೀ ಬಾಗಿಲ ಪಕ್ಕದ ಡಬ್ಬಿಯಲ್ಲಿ ಇಡ್ತಾರಂತೆ, ನಂಬರ್ ಕಳಿಸ್ತಾರೆ. 22ರ ಟಿಕೆಟ್‌ಗೆ ಮೂರೂ ಜನಕ್ಕೆ ಸೇರಿ ಜಾಸ್ತಿ ದುಡ್ಡು ಕೇಳ್ತಿದ್ದಾರೆ. ಅಪ್ಪ ಒಪ್ತಿಲ್ಲ.

ಗೈಡ್: ಅಪ್ಪನ ನಂಬರ್ ನನಗೆ ಪರ್ಸನಲ್ಲಾಗಿ ಕಳಿಸಿ. ನಾನೇ ಮಾತಾಡ್ತೀನಿ.