ಸ್ಟೋರೇಜ್ ಪಾತ್‌ಗಳಿಗೆ ರೌಂಡ್ ರಾಬಿನ್ ಸಾಕಾ?

ಹೊಸ ಅಡ್ಮಿನ್: ನಮ್ಮ ಲಿನಕ್ಸ್ ಸರ್ವರ್‌ನಿಂದ ಸ್ಟೋರೇಜ್‌ಗೆ 4 ಪಾತ್ (ಡೇಟಾ ಹೋಗುವ ದಾರಿ) ಇವೆ, ಸ್ಟೋರೇಜ್‌ನ ಪ್ರತಿ ಕಂಟ್ರೋಲರ್‌ಗೆ 2. ಇವನ್ನು ನಿಭಾಯಿಸುವ ಲಿನಕ್ಸ್‌ನ ಡಿಎಂ-ಮಲ್ಟಿಪಾತ್‌ನಲ್ಲಿ ನಾಲ್ಕನ್ನೂ ಮಲ್ಟಿಬಸ್ ಅಂತ ಒಂದೇ ಗುಂಪಿಗೆ ಹಾಕಿ ರೌಂಡ್ ರಾಬಿನ್ (ಸರದಿಯಂತೆ ಒಂದೊಂದು ಪಾತ್‌ಗೆ ಕಳಿಸುವುದು) ಇಟ್ಟೆ. ನಾಲ್ಕೂ ದುಡಿದರೆ ವೇಗ ಜಾಸ್ತಿ ಆಗಬೇಕು ಅಲ್ವಾ? ಒಂದು ಕಂಟ್ರೋಲರ್‌ನ 2 ಪಾತ್ ಮಾತ್ರ ಇದ್ದಾಗಿನದಕ್ಕಿಂತ ಈಗ ಲೇಟೆನ್ಸಿ (ಉತ್ತರ ಬರಲು ಕಾಯುವ ಸಮಯ) ಏರಿದೆ.

ರಾತ್ರಿಪಾಳಿ: ನಿಮ್ಮ ಸ್ಟೋರೇಜ್ ಅಲುವಾ (ಎಲ್ಲ ದಾರಿಯೂ ಸಮ ಅಲ್ಲದ) ಮಾದರಿಯದಾ ನೋಡಿ. ಹಾಗಿದ್ದರೆ ಒಂದು ಲನ್‌ಗೆ (ಸರ್ವರ್‌ಗೆ ಒಂದು ಡಿಸ್ಕ್‌ನಂತೆ ಕಾಣುವ ಸ್ಟೋರೇಜ್ ಭಾಗ) ಒಂದೇ ಕಂಟ್ರೋಲರ್ ಒಡೆಯ. ಇನ್ನೊಂದಕ್ಕೆ ಹೋದ ರಿಕ್ವೆಸ್ಟ್ ಒಳಗಿನ ಲಿಂಕ್ ದಾಟಿ ಒಡೆಯನ ಹತ್ತಿರ ಹೋಗಬೇಕು. ನಿಮ್ಮ ಅರ್ಧ ಐಓ (ಓದು-ಬರಹ) ಸುಮ್ನೆ ಸುತ್ತು ಹಾಕುತ್ತಿದೆ.

ಹೊಸ ಅಡ್ಮಿನ್: ನೋಡಿದೆ. ಎರಡು ಪಾತ್‌ಗೆ ಪ್ರಿಯೋ (ಆದ್ಯತೆ) 50, ಇನ್ನೆರಡಕ್ಕೆ 10.

ರಾತ್ರಿಪಾಳಿ: ಅದೇ ಕಾರಣ. 50 ಇರುವವು ನೇರ ದಾರಿ. ಗುಂಪು ಮಾಡುವ ನೀತಿಯನ್ನು ಗ್ರೂಪ್-ಬೈ-ಪ್ರಿಯೋಗೆ (ಒಂದೇ ಆದ್ಯತೆಯವು ಒಂದು ಗುಂಪು) ಬದಲಿಸಿ. 10ರ ಪಾತ್‌ಗಳು ಆಪತ್ತಿಗಿರಲಿ. ಇದು ಸರಿಯಾಗದೆ ಗುಂಪಿನೊಳಗೆ ಪಾತ್ ಆರಿಸುವ ಸೆಲೆಕ್ಟರ್ ಯಾವುದು ಒಳ್ಳೆಯದು ಅಂತ ವಾದ ಮಾಡಿ ಉಪಯೋಗವಿಲ್ಲ.

ವರ್ಚುವಲ್ ಲೋಕ: ಗುಂಪು ಸರಿಯಾದರೆ ರೌಂಡ್ ರಾಬಿನ್ ಸಾಕು ಅನ್ನುವುದು ನನ್ನ ಅನುಭವ. ವಿಎಂವೇರ್‌ನಲ್ಲಿ ಅದು ಮಾಮೂಲಾಗಿ 1000 ಐಓ ಆದ ಮೇಲೆ ಪಾತ್ ಬದಲಿಸುತ್ತದೆ. ಅಷ್ಟು ಹೊತ್ತು ಒಂದೇ ಪಾತ್ ಮೇಲೆ ಭಾರ. ಆ ಸಂಖ್ಯೆಯನ್ನು 1ಕ್ಕೆ ಇಳಿಸಿದರೆ ಹಂಚಿಕೆ ಸಮ ಆಗುತ್ತದೆ.

ಕರ್ನಲ್ ಪ್ರಿಯ: ಹಂಚಿಕೆ ಸಮ ಆಗುತ್ತದೆ, ಒಪ್ಪುತ್ತೇನೆ. ಆದರೆ ಪಾತ್‌ಗಳೇ ಸಮ ಇಲ್ಲದಿದ್ದರೆ? ಒಂದು ಸ್ವಿಚ್ ಪೋರ್ಟ್‌ನಲ್ಲಿ ದಟ್ಟಣೆ ಇದೆ ಅಂದುಕೊಳ್ಳಿ. ರೌಂಡ್ ರಾಬಿನ್‌ಗೆ ಅದು ಕಾಣುವುದಿಲ್ಲ. ಅರ್ಧ ಕೆಲಸವನ್ನು ಅಲ್ಲಿಗೇ ತಳ್ಳುತ್ತದೆ, ಆ್ಯಪ್ ಕಾಯುತ್ತದೆ. ಕ್ಯೂ-ಲೆಂಗ್ತ್ ಎಂಬ ಸೆಲೆಕ್ಟರ್ ಬಾಕಿ ಇರುವ ರಿಕ್ವೆಸ್ಟ್ ಎಣಿಸಿ ಕಡಿಮೆ ಇರುವ ಕಡೆ ಕಳಿಸುತ್ತದೆ. ಸರ್ವಿಸ್-ಟೈಮ್ ಎಂಬ ಇನ್ನೊಂದು ಸೆಲೆಕ್ಟರ್ ಎಣಿಸುವುದು ಬಾಕಿ ಬೈಟ್‌ಗಳನ್ನು. 4 ಕೆಬಿಯ ಓದು, 1 ಎಂಬಿಯ ಬರಹ ಎರಡೂ ಬೆರೆತ ಕಡೆ ಇದೇ ಮೇಲು. ಈಗಿನ ಡಿಎಂ-ಮಲ್ಟಿಪಾತ್‌ನಲ್ಲಿ ಮಾಮೂಲಿ ಆಯ್ಕೆಯೂ ಇದೇ.

ವರ್ಚುವಲ್ ಲೋಕ: ಕೆಟ್ಟ ಪಾತ್ ಇದ್ದರೆ ಅದನ್ನು ರಿಪೇರಿ ಮಾಡಬೇಕು. ಸೆಲೆಕ್ಟರ್ ಅದನ್ನು ಮುಚ್ಚಿಟ್ಟರೆ ತೊಂದರೆ ಗೊತ್ತೇ ಆಗುವುದಿಲ್ಲ.

ರಾತ್ರಿಪಾಳಿ: ಇದು ನಿಜ. ಹಿಂದೊಮ್ಮೆ ನಮ್ಮಲ್ಲಿ ಒಂದು ಎಸ್‌ಎಫ್‌ಪಿ (ಕೇಬಲ್ ಸಿಕ್ಕಿಸುವ ಮಾಡ್ಯೂಲ್) ಹಾಳಾಗುತ್ತಾ ಬಂದಿತ್ತು. ಪಾತ್ ಬಿದ್ದುಹೋಗಲಿಲ್ಲ, ಎದ್ದು ಬಿದ್ದು ಮಾಡುತ್ತಿತ್ತು. ಪಾತ್ ಸರಿ ಇದೆಯಾ ಅಂತ ನೋಡುವ ಚೆಕರ್ ಪ್ರತಿ ಸಲವೂ ಅದನ್ನು ವಾಪಸ್ ಸೇರಿಸುತ್ತಿತ್ತು. ಬಾಕಿ ಏನೂ ಇಲ್ಲದ ಪಾತ್ ಅಂತ ಕ್ಯೂ-ಲೆಂಗ್ತ್ ಮತ್ತೆ ಅಲ್ಲಿಗೇ ಕಳಿಸುತ್ತಿತ್ತು. ಕೊನೆಗೆ ಸಿಕ್ಕಿದ್ದು ಸ್ವಿಚ್‌ನ ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟಿದ್ದನ್ನು ಹಿಡಿಯುವ ತಪಾಸಣೆ) ಎರರ್ ಕೌಂಟರ್‌ನಲ್ಲಿ.

ಕರ್ನಲ್ ಪ್ರಿಯ: ಅಂಥ ಪಾತ್‌ಗೆ ಮಾರ್ಜಿನಲ್ ಪಾತ್ ಸೆಟ್ಟಿಂಗ್‌ಗಳಿವೆ. ಪದೇ ಪದೇ ತಪ್ಪುವ ಪಾತ್ ಸ್ವಲ್ಪ ಕಾಲ ಹೊರಗಿರುತ್ತದೆ. ಕೌಂಟರ್ ನೋಡುವುದಂತೂ ಬಿಡಬಾರದು.

ಹೊಸ ಅಡ್ಮಿನ್: ಗ್ರೂಪ್-ಬೈ-ಪ್ರಿಯೋ, ಸರ್ವಿಸ್-ಟೈಮ್ ಹಾಕಿದೆ. ಲೇಟೆನ್ಸಿ ಇಳಿಯಿತು. ಈಗ 2 ನೇರ ಪಾತ್‌ಗಳೂ ಸುಮಾರು 70% ತುಂಬಿವೆ.

ರಾತ್ರಿಪಾಳಿ: ಹಾಗಾದರೆ ಇವತ್ತೇ ಯೋಚಿಸಿ. ಒಂದು ಕೇಬಲ್ ಕಿತ್ತರೆ ಉಳಿದದ್ದರ ಮೇಲೆ 140% ಬೀಳುತ್ತದೆ. ಯಾವ ಸೆಲೆಕ್ಟರ್ ಕೂಡ ಅದನ್ನು ಹೊರಲಾರದು. ಲನ್‌ಗಳನ್ನು ಎರಡೂ ಕಂಟ್ರೋಲರ್‌ಗೆ ಹಂಚಿ, ಆಮೇಲೆ ಬಿಡುವಿನ ಹೊತ್ತಲ್ಲಿ ಒಂದು ಕೇಬಲ್ ಕಿತ್ತು ನೋಡಿ.