ಅಪ್‌ಡೇಟ್: ಡೈವಿಂಗ್ ವೇಳೆಯ ಕಿವಿನೋವು ಕೊನೆಗೂ ಬಗೆಹರಿಯಿತು

ದ್ವೀಪಪ್ರವಾಸದ ಮೊದಲ ಸ್ಕೂಬಾ ಡೈವ್‌ನಲ್ಲಿ 4 ಮೀಟರ್ ಇಳಿಯುವಷ್ಟರಲ್ಲೇ ಕಿವಿ ತಾಳಲಾರದಷ್ಟು ನೋಯುತ್ತದೆ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಫಲ ನೀಡಿದ್ದು, ತಲೆ ಕೆಳಗಾಗಿ ಈಜುವ ಬದಲು ಲಂಗರಿನ ಹಗ್ಗ ಹಿಡಿದು ಕಾಲು ಮುಂದಾಗಿ ನಿಧಾನವಾಗಿ ಇಳಿಯುತ್ತಾ, ನೋವು ಆರಂಭವಾಗುವ ಮೊದಲೇ ಮತ್ತೆ ಮತ್ತೆ ಕಿವಿಯ ಒತ್ತಡವನ್ನು ಸರಿದೂಗಿಸಿಕೊಳ್ಳಬೇಕೆಂಬ ಸಲಹೆ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಅತ್ಯಂತ ವೇಗವಾಗಿ ಕುಗ್ಗುವುದು ಮೊದಲ ಕೆಲವು ಮೀಟರುಗಳಲ್ಲೇ ಆದುದರಿಂದ, ನಾನು ಅವಸರಪಡುತ್ತಿದ್ದ ಜಾಗದಲ್ಲೇ ಹೆಚ್ಚು ತಾಳ್ಮೆ ಬೇಕಿತ್ತು. ಮೂಗು ಮುಚ್ಚಿ ಊದುವ ವಿಧಾನ ನನಗೆ ಒಗ್ಗಲಿಲ್ಲ, ಆದರೆ ಮೂಗು ಮುಚ್ಚಿಕೊಂಡೇ ಉಗುಳು ನುಂಗಿದಾಗ ಕಿವಿ ಸಲೀಸಾಗಿ ತೆರೆದುಕೊಂಡಿತು. ಇಳಿಯುವ ಮುನ್ನ ಚ್ಯೂಯಿಂಗ್ ಗಮ್ ಅಗಿದದ್ದರಿಂದ ಪ್ರಯೋಜನವಾಗಲಿಲ್ಲ. ಸಾಮಾನ್ಯ ಇಯರ್‌ಪ್ಲಗ್ ಬಳಸಲು ತರಬೇತುದಾರರು ಒಪ್ಪಲಿಲ್ಲ. ಒತ್ತಡಕ್ಕೆ ಅದು ಕಿವಿಯೊಳಕ್ಕೆ ಒತ್ತಿಕೊಂಡು ಹಾನಿ ಮಾಡಬಲ್ಲದು.

ನೋವಿಲ್ಲದೆ ನೋಡಿದ ಹವಳದಿಬ್ಬವನ್ನು ನಾನು ಮರೆಯಲಾರೆ. ಮೀನುಗಳನ್ನು ಹಿಂಬಾಲಿಸುವುದನ್ನು ಬಿಟ್ಟು ಒಂದೆಡೆ ಅಲುಗಾಡದೆ ತೇಲಿದಾಗ, ಪುಟ್ಟ ಕ್ಲೀನರ್ ರಾಸ್ ಮೀನೊಂದು ತನಗಿಂತ ಎಷ್ಟೋ ದೊಡ್ಡ ಮೀನಿನ ತೆರೆದ ಬಾಯಿಯೊಳಗೆ ಹೊಕ್ಕು, ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದು ಕಣ್ಣೆದುರೇ ಕಂಡಿತು. ಕಡಲಹೂವಿನ ನಡುವೆ ಇಣುಕುತ್ತಿದ್ದ ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಬೆಳೆದು, ಗುಂಪಿನ ಹೆಣ್ಣು ಸತ್ತಾಗ ಹಿರಿಯ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆಂಬುದೂ ನನಗೆ ಹೊಸ ಸಂಗತಿ.

ಇನ್ನೊಂದು ಮಾತು: ಹಲವು ಡೈವ್‌ಗಳ ನಂತರ ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕಾದುದರಿಂದ, ಕೊನೆಯ ದಿನವನ್ನು ನಾನು ದಡದಲ್ಲೇ ಕಳೆದೆ.